ಒಗರು ಬಲ್ಲವರಿಗೆ ಒಂದು ಫ್ರೆಂಚ್ ಹಳ್ಳಿ

ಓದಿಗೋ ಕೆಲಸಕ್ಕೋ ಫ್ರಾನ್ಸಿಗೆ ಹೋಗುವ ಅವಕಾಶ ನಿಮ್ಮಲ್ಲಿ ಕೆಲವರಿಗಾದರೂ ಬಂದೀತು. ಹೋದಾಗ ಪ್ಯಾರಿಸ್ ನೋಡಿ ಹಿಂತಿರುಗಬೇಡಿ. ದಕ್ಷಿಣದ ಅವಿನ್ಯೋಂ ಪಟ್ಟಣದಲ್ಲಿ ಇಳಿದು, ಅಲ್ಲಿಂದ ಸುಮಾರು 12 ಕಿ.ಮೀ. ಉತ್ತರಕ್ಕಿರುವ ಶಾತೋನಫ್-ದ್ಯು-ಪಾಪ್ ಎಂಬ ಹಳ್ಳಿಗೆ ಹೋಗಿ ಬನ್ನಿ. 'ಪೋಪರ ಹೊಸ ಕೋಟೆ' ಎಂದು ಆ ಹೆಸರಿನ ಅರ್ಥ. 1309ರಿಂದ 1377ರವರೆಗೆ ಪೋಪರ ಪೀಠ ಅವಿನ್ಯೋಂನಲ್ಲಿದ್ದಾಗ ಇಪ್ಪತ್ತೆರಡನೆಯ ಜಾನ್ ಇಲ್ಲಿ ಕೋಟೆ ಕಟ್ಟಿಸಿದರು. 1944ರಲ್ಲಿ ಜರ್ಮನ್ ಸೈನಿಕರು ಅದನ್ನು ಸ್ಫೋಟಿಸಿದ ಮೇಲೆ ಉಳಿದಿರುವುದು ಒಂದಿಷ್ಟು ಗೋಡೆ ಮಾತ್ರ.

ಊರಾಚೆಯ ಬೋಕಾಸ್ತೆಲ್ ತೋಟದಲ್ಲಿ ಮಣ್ಣಿಗಿಂತ ಮೊದಲು ಕಾಣುವುದು ನುಣುಪಾದ ದುಂಡು ಕಲ್ಲುಗಳು. ಹಗಲ ಬಿಸಿಲನ್ನು ಹೀರಿ ರಾತ್ರಿ ಬಳ್ಳಿಗೆ ಕಾವು ಕೊಡುವುದು ಅವುಗಳ ಕೆಲಸ. ಉತ್ತರದಿಂದ ಬೀಸುವ 'ಮಿಸ್ತ್ರಾಲ್' ಗಾಳಿ ಎಲೆಯ ತೇವ ಆರಿಸುತ್ತದೆ. ಇಲ್ಲಿ ಜಾಕ್ ಪೆರಾಂ 1950ರಷ್ಟು ಹಿಂದೆಯೇ ರಾಸಾಯನಿಕ ಗೊಬ್ಬರ, ಕಳೆನಾಶಕಗಳನ್ನು ಬಿಟ್ಟು ಸಾವಯವ ಕೃಷಿ ಹಿಡಿದರು. ಸಂಪ್ರದಾಯದ 13 ದ್ರಾಕ್ಷಿ ತಳಿಗಳನ್ನೂ ಈ ತೋಟ ಉಳಿಸಿಕೊಂಡಿದೆ.

ಹಾಗೆಂದು ಸಾವಯವ ಬೇಸಾಯ ಸುಲಭವಲ್ಲ. 2018ರ ಮಳೆಗೆ ಬೂಜುತುಪ್ಪಟ ರೋಗ ಬಡಿದು ಈ ಸೀಮೆಯ ಎಷ್ಟೋ ಬೆಳೆಗಾರರ ಫಸಲು ಹಾಳಾಯಿತು. ಸಾವಯವ ರೈತನ ಕೈಯಲ್ಲಿ ಆಗ ಇರುವ ಮುಖ್ಯ ಅಸ್ತ್ರ ತಾಮ್ರದ ಸಿಂಪಡಣೆ, ಅದಕ್ಕೂ ಮಿತಿ ಉಂಟು. ನಿಮ್ಮ ಅಜ್ಜನ ಮನೆ ಮಲೆನಾಡಿನಲ್ಲೋ ಕರಾವಳಿಯಲ್ಲೋ ಇದ್ದರೆ ಕೇಳಿ ನೋಡಿ: ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಮೈಲುತುತ್ತು-ಸುಣ್ಣದ 'ಬೋರ್ಡೋ' ದ್ರಾವಣ, 1880ರ ದಶಕದಲ್ಲಿ ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿತೋಟಗಳಲ್ಲೇ ಹುಟ್ಟಿದ್ದು!

ಇನ್ನು ಬಡಿಸುವ ಬಗೆ. ಕೆಂಪು ವೈನನ್ನು ಕೋಣೆಯ ಉಷ್ಣತೆಯಲ್ಲಿ ಕೊಡಬೇಕೆಂಬ ಮಾತು ಯುರೋಪಿನ ತಣ್ಣನೆಯ ಮನೆಗಳದು. ಚೆನ್ನೈ, ಮುಂಬಯಿಯ ಸೆಕೆಗೆ ಅದು ಒಗ್ಗದು. ಸೀಸೆಯನ್ನು ಫ್ರಿಜ್ಜಿನಲ್ಲಿಟ್ಟು 16ರಿಂದ 18 ಡಿಗ್ರಿಗೆ ತನ್ನಿ. ಹಳೆಯ ಸೀಸೆಯಾದರೆ ಹಿಂದಿನ ದಿನವೇ ನೆಟ್ಟಗೆ ನಿಲ್ಲಿಸಿ, ಗಷ್ಟು ತಳಕ್ಕಿಳಿಯುತ್ತದೆ. ಲೋಟದ ಮೂರನೇ ಒಂದು ಭಾಗ ಮಾತ್ರ ಸುರಿಯಿರಿ, ಕಂಪು ನಿಲ್ಲಲು ಜಾಗ ಬೇಕು. ಆತಿಥೇಯ ಮೊದಲು ತನಗೆ ತುಸು ಹಾಕಿಕೊಳ್ಳುವುದು ಬಡಾಯಿಗಲ್ಲ, ಬಿರಡೆ ಕೆಟ್ಟು ಮುಗ್ಗಲು ವಾಸನೆ ಬಂದಿದೆಯೇ ಎಂದು ನೋಡಲು.

ರುಚಿ ನೋಡುವಾಗ ಇಂಗ್ಲಿಷ್ ಪದಕೋಶ ಬೇಕಿಲ್ಲ. ಮೊದಲು ಬಣ್ಣ, ಆಮೇಲೆ ಕಂಪು, ಕೊನೆಗೆ ಒಂದು ಗುಟುಕು. ನೇರಳೆ ಹಣ್ಣು ತಿಂದಾಗ ನಾಲಿಗೆ ಬಿಗಿಯುತ್ತದಲ್ಲ, ಅದೇ ಇಲ್ಲಿಯೂ ಇದೆ. ಮನೆಯಲ್ಲಿ ಅದನ್ನು 'ಒಗರು' ಎನ್ನುತ್ತಾರೆ. ಹಳೆಯ ಬೋಕಾಸ್ತೆಲ್ ಸೀಸೆಗಳಲ್ಲಿ ದನದ ಕೊಟ್ಟಿಗೆಯ ವಾಸನೆಯೂ ಸುಳಿಯುತ್ತದೆಂದು ಬಲ್ಲವರು ಹೇಳುತ್ತಾರೆ. ಜೊತೆಗೆ ಕುರಿಮಾಂಸ ಅಲ್ಲಿಯ ರೂಢಿ. ಸಸ್ಯಾಹಾರಿಗಳಿಗೆ ಅಣಬೆ, ಬದನೆಕಾಯಿ ಹೊಂದುತ್ತವೆ. ಖಾರ ಹೆಚ್ಚಾದರೆ ಬಾಯಿಯ ಉರಿ ಹೆಚ್ಚುತ್ತದೆ.

ಎರಡು ಎಚ್ಚರಿಕೆ. ಸಾವಯವ ಎಂದರೆ ಸಸ್ಯಾಹಾರವೆಂದಲ್ಲ. ಕೆಂಪು ವೈನನ್ನು ಮೊಟ್ಟೆಯ ಬಿಳಿಯಿಂದ ತಿಳಿಗೊಳಿಸುವ ಪದ್ಧತಿ ಉಂಟು, ಬೇಕಾದವರು ಕೇಳಿಕೊಳ್ಳಿ. ಸಾವಯವವಾದರೂ ಮದ್ಯ ಮದ್ಯವೇ. ಈ ಊರಿನ ವೈನಿನಲ್ಲಿ ಅದು ಸಾಮಾನ್ಯವಾಗಿ ಶೇ. 14ರ ಆಸುಪಾಸು. ಕುಡಿಯುವ ವಯಸ್ಸಾಗದವರೂ, ಕುಡಿಯದವರೂ ನಗುತ್ತಾ "ಬೇಡ" ಎನ್ನಬಹುದು. ಯಾರೂ ತಪ್ಪು ತಿಳಿಯರು. ಅಂಥವರು ತೋಟವನ್ನು ನೋಡಿ, ಕಲ್ಲನ್ನು ಮುಟ್ಟಿ, ರೈತರ ಕಷ್ಟಸುಖ ವಿಚಾರಿಸಿ ಬನ್ನಿ. ಹಿಂತಿರುಗಿದ ಮೇಲೆ ಕಂಡದ್ದನ್ನು ನಮ್ಮ ಈ ಪುಟಗಳಿಗೆ ಕನ್ನಡದಲ್ಲೇ ಬರೆದು ಕಳುಹಿಸಿ.