ಮೂವತ್ತೆಂಟಕ್ಕೆ ಕೊಳಲು ಹಿಡಿದೆ!

ನಗಬೇಡಿ ಮಿತ್ರರೇ! ಮೀಸೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡ ಮೇಲೆ, ಮೂವತ್ತೆಂಟನೇ ವಯಸ್ಸಿನಲ್ಲಿ ನಾನು ಕೊಳಲು ಹಿಡಿದೆ. ಕಾರಣ? ಸಿನಿಮಾನೇ, ಇನ್ನೇನು!

ಒಂದು ಭಾನುವಾರ ಟಿ.ವಿ.ಯಲ್ಲಿ 1977ರ ‘ಸನಾದಿ ಅಪ್ಪಣ್ಣ’ ನೋಡಿದೆ. ತೆರೆಯ ಮೇಲೆ ಬೆರಳು ಅಣ್ಣಾವ್ರದ್ದು, ಉಸಿರು ಉಸ್ತಾದ್ ಬಿಸ್ಮಿಲ್ಲಾ ಖಾನರದ್ದು. ಗೊತ್ತಿದ್ದರೂ ಮೈ ಜುಮ್ಮೆಂದಿತು. ಸನಾದಿ ನನ್ನಂಥವನ ಕೈಗೆ ಎಟಕುವಂಥದ್ದಲ್ಲ. ಪಕ್ಕದ ಬೀದಿಯಲ್ಲಿ ಕೊಳಲು ಮೇಷ್ಟ್ರಿದ್ದರು, ಹೋಗಿ ಸೇರಿಕೊಂಡೆ. ಸಹಪಾಠಿಗಳೆಲ್ಲ ಹತ್ತು ವರ್ಷದ ಹುಡುಗರು!

“ಕರಾಟೆ ಮೂರು ತಿಂಗಳು, ಗಿಟಾರ್ ಎರಡು ತಿಂಗಳು. ಇದೆಷ್ಟು ದಿನವೋ ನೋಡೋಣ” ಅಂದಳು ಹೆಂಡತಿ. ಮಾತು ನಾಟಿತು. ಯಾಕೆಂದರೆ ನಿಜ.

ಅವತ್ತೇ ಒಂದು ನೋಟ್‌ಬುಕ್ ತಂದೆ. ದಿನಾಂಕ, ಊದಿದ ನಿಮಿಷ, ಒಂದೇ ಉಸಿರಿನಲ್ಲಿ ಷಡ್ಜ ಎಷ್ಟು ಸೆಕೆಂಡ್ ನಿಂತಿತು – ಎಲ್ಲ ಲೆಕ್ಕ. ಮೊದಲ ದಿನ 4 ಸೆಕೆಂಡ್, ಜೊತೆಗೆ ತಲೆಸುತ್ತು! ತಿಂಗಳಿಗೆ 9, ಮೂರನೇ ತಿಂಗಳಿಗೆ 15. ಎದೆ ಉಬ್ಬಿತು.

ಆಮೇಲೆ ಬಂತು ನೋಡಿ ಮಾಯಾಮಾಳವಗೌಳದ ಸರಳೆವರಸೆ. ಹೆಸರಿಗೆ ಮಾತ್ರ ಸರಳ! ಕೊಳಲಿನ ಎಂಟು ರಂಧ್ರಗಳಲ್ಲಿ ಶುದ್ಧ ರಿಷಭಕ್ಕೆಂದೇ ಒಂದೂ ಇಲ್ಲ. ಒಂದು ರಂಧ್ರವನ್ನು ಅರ್ಧ ತೆರೆದು ಅದನ್ನು ಹುಡುಕಬೇಕು. ಬೆರಳು ಕೂದಲೆಳೆಯಷ್ಟು ಸರಿದರೂ ಶ್ರುತಿ ಹೋಯ್ತು. ನೋಟ್‌ಬುಕ್ಕಿನಲ್ಲಿ ನಿಮಿಷ ಏರುತ್ತಲೇ ಇತ್ತು – 30, 40, 50. ಆದರೆ ದಿನದಿನಕ್ಕೂ ಕೆಡುತ್ತಿದ್ದೇನೆ ಅನಿಸುತ್ತಿತ್ತು. ಐದನೇ ತಿಂಗಳು ಕೊಳಲನ್ನು ಬಟ್ಟೆಯಲ್ಲಿ ಸುತ್ತಿ ಬೀರುವಿನ ಮೇಲಿಟ್ಟೆ. ಹೆಂಡತಿ ಏನೂ ಕೇಳಲಿಲ್ಲ. ಅದೇ ಹೆಚ್ಚು ನೋಯಿಸಿತು.

ನಾಲ್ಕನೇ ದಿನ ಮಗಳು ನನ್ನ ಮೊಬೈಲ್ ಒತ್ತುತ್ತಾ ಕೂತಿದ್ದಳು. ಇದ್ದಕ್ಕಿದ್ದಂತೆ ಪೀಪಿ ಸದ್ದು! “ಅಪ್ಪಾ, ಇದ್ಯಾರು ಇಷ್ಟು ಕೆಟ್ಟದಾಗಿ ಊದ್ತಿರೋದು?”

ಯಾರು? ನಾನೇ! ಮೊದಲ ತಿಂಗಳು ಹುಮ್ಮಸ್ಸಿನಲ್ಲಿ ರೆಕಾರ್ಡ್ ಮಾಡಿಟ್ಟು ಮರೆತಿದ್ದೆ. ಅವತ್ತು ಅದು ಅಮೋಘ ಅನಿಸಿತ್ತು. ಈಗ ಕೇಳಲಾಗಲಿಲ್ಲ. ಮಗಳಿಗೂ ಅದು ಅಪ್ಪನ ಕೊಳಲು ಅಂತ ಗುರುತೇ ಸಿಗಲಿಲ್ಲ!

ಮಾರನೇ ದಿನ ಮೇಷ್ಟ್ರಿಗೆ ಹೇಳಿದೆ. ನಕ್ಕರು. “ಬೆರಳಿಗಿಂತ ಮುಂಚೆ ಕಿವಿ ಪಾಸಾಗುತ್ತೆ ಕಣಪ್ಪ. ಆಗ ನಿಂಗೆ ತಪ್ಪು ಕೇಳಿಸ್ತಿರಲಿಲ್ಲ, ಈಗ ಕೇಳಿಸ್ತಿದೆ. ಅದನ್ನೇ ಕೆಡ್ತಿದೀನಿ ಅಂದ್ಕೊಂಡ್ರೆ ಹೇಗೆ?”

ಅಂದಿನಿಂದ ನಿಮಿಷದ ಲೆಕ್ಕ ಬಿಟ್ಟೆ. ಪ್ರತಿ ತಿಂಗಳು ಒಂದನೇ ತಾರೀಖು ಅದೇ ವರಸೆ, ಅದೇ ಶ್ರುತಿ, ಅದೇ ವೇಗದಲ್ಲಿ ಊದಿ ರೆಕಾರ್ಡ್ ಮಾಡ್ತೀನಿ. ಕೇಳಿ ಹೋಲಿಸೋದು ಮೂರು ತಿಂಗಳ ಹಿಂದಿನದರ ಜೊತೆ. ನಿನ್ನೆಯ ಜೊತೆ ಅಲ್ಲ, ಪಕ್ಕದಲ್ಲಿ ಕೂತ ಹುಡುಗನ ಜೊತೆಯಂತೂ ಅಲ್ಲವೇ ಅಲ್ಲ. ಏನನ್ನಾದರೂ ಅರ್ಧಕ್ಕೆ ಬಿಟ್ಟು ಕೂತ ಗೆಳೆಯರೇ, ಬೇಕಾದರೆ ನೀವೂ ಹೀಗೊಮ್ಮೆ ಮಾಡಿ ನೋಡಿ.

ಮೊನ್ನೆ ಸಂಜೆ ಮೂರು ಕಾಲದಲ್ಲೂ ತಪ್ಪಿಲ್ಲದೆ ಒಂದು ವರಸೆ ಮುಗಿಸಿದೆ. ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: “ಹದಿನಾಲ್ಕು ತಿಂಗಳಾಯ್ತಲ್ರೀ.”

ಅವಳೂ ಲೆಕ್ಕ ಇಟ್ಟಿದ್ದಳು, ಸ್ವಾಮಿ! ನನಗದು ನೂರು ದಿನ ಓಡಿದಷ್ಟೇ.