ತಡಮೆ

ಮರ್ಕಂಜದ ಕಡೆಯ ತೋಟಗಳ ಬೇಲಿಯಲ್ಲಿ ತಡಮೆ ಎಂಬುದೊಂದು ಉಂಟು. ಪೇಟೆಯ ಓದುಗರಿಗೆ ಹೇಳುವುದಾದರೆ, ಅದು ಕದವಿಲ್ಲದ ಬಾಗಿಲು: ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನ ಆಚೆಯೇ ನಿಲ್ಲುತ್ತದೆ. ಬೇಲಿಯೂ ಬೇಕು, ದಾರಿಯೂ ಬೇಕು ಎಂಬ ಸಂಸಾರಿಗನ ಇಕ್ಕಟ್ಟಿಗೆ ಹಿರಿಯರು ಕಂಡುಕೊಂಡ ಉಪಾಯ.

ನಮ್ಮ ಜೀವಕೋಶಕ್ಕೂ ಇದೇ ಇಕ್ಕಟ್ಟು. ಅದರೊಳಗಿನ ಒಂದು ಪೊರೆಯಲ್ಲಿ ಪ್ರೋಟೀನುಗಳು ನುಸುಳುವ ಕಿಂಡಿಯಿದೆ. ಕಿಂಡಿಯ ಮುಖ್ಯ ಭಾಗವನ್ನು ಕಟ್ಟುವ ಕ್ರಮ ನಮ್ಮ 3ನೆಯ ವರ್ಣತಂತುವಿನ ಸೆಕ್61ಎ1 ಎಂಬ ಜೀನಿನಲ್ಲಿದೆ. ಹೆಸರು ಗೂಡ್ಸ್ ಗಾಡಿಯ ನಂಬರಿನಂತಿದ್ದರೇನು, ಕೆಲಸ ದೊಡ್ಡದು. ದಾಟಬೇಕಾದ ಪ್ರೋಟೀನು ತಲೆಯಲ್ಲೊಂದು ಗುರುತು ಹೊತ್ತು ಬರುತ್ತದೆ. ಗುರುತು ಸರಿಯಿದ್ದರೆ ಕಿಂಡಿ ತೆರೆಯುತ್ತದೆ. ಈ ಗುರುತಿನ ಗುಟ್ಟನ್ನು ಬಿಡಿಸಿದ ಗುಂಟರ್ ಬ್ಲೋಬೆಲ್ ಅವರಿಗೆ 1999ರಲ್ಲಿ ನೊಬೆಲ್ ಬಹುಮಾನ ಬಂತು.

ಇನ್ಸುಲಿನ್ ದಾಟುವುದೂ ಹೀಗೆಯೇ. ಅದರ ಗುರುತು 24 ಅಮೈನೋ ಆಮ್ಲಗಳ ಒಂದು ತುಂಡು. ದಾಟಿಸಿದ ಮೇಲೆ ಆ ತುಂಡನ್ನು ಕತ್ತರಿಸಿಬಿಡುತ್ತದೆ ಕೋಶ. ರಕ್ತಕ್ಕಿಳಿಯುವ ಇನ್ಸುಲಿನ್ನಿನ 51 ಅಮೈನೋ ಆಮ್ಲಗಳಲ್ಲಿ ಆ 24ರ ಪೈಕಿ ಒಂದೂ ಇಲ್ಲ. ವ್ಯಾಕರಣ ಕಲಿಸುವ ನನಗೆ ಇದು ಲೋಪಸಂಧಿಯಂತೆ ಕಾಣುತ್ತದೆ: ‘ಊರು’ವಿನ ಉಕಾರ ಬಿದ್ದುಹೋದರಷ್ಟೇ ‘ಊರಲ್ಲಿ’ ಕೂಡಿಬರುತ್ತದೆ.

ನನ್ನ ಅಮ್ಮನಿಗೆ ಸಕ್ಕರೆ ಕಾಯಿಲೆ. ದಿನವೂ ಇನ್ಸುಲಿನ್ ಚುಚ್ಚಬೇಕು. ಆಕೆ ಎರಡನೆಯ ತರಗತಿಗೇ ಓದು ಬಿಟ್ಟವಳು. ಮಳೆಗಾಲದಲ್ಲಿ ತೋಡು ದಾಟಿಸಿ ನನ್ನನ್ನು ಶಾಲೆಯ ಜಗಲಿಯವರೆಗೆ ಬಿಟ್ಟು ಹಿಂದಿರುಗುತ್ತಿದ್ದಳು. ನನ್ನ ಎಂ.ಎ. ಪದವಿಪತ್ರದಲ್ಲಿ ಅವಳ ಹೆಸರಿಲ್ಲ. ಈಗ ಪೇಟೆಯ ನಮ್ಮ ಮನೆಗೆ ಬಂದರೆ, ವಾರ ಕಳೆಯುವುದರೊಳಗೆ, “ನನಗೆ ಇಲ್ಲೇನು ಕೆಲಸ? ಊರಿಗೆ ಬಿಡು ಮಗಾ” ಎನ್ನುತ್ತಾಳೆ.

ದಾಟಿಸಿದ್ದನ್ನು ಕತ್ತರಿಸದೆ ಕೋಶಕ್ಕೆ ಗತಿಯಿಲ್ಲ. ನಮಗೇನು ಅಂಥ ಅವಸರ?