ಕಮಲನಗರದ ಶಾವಿಗೆ ಮಣೆ

ಕಳೆದ ಏಪ್ರಿಲ್‌ನಲ್ಲಿ ಒಂದು ಸಂಜೆ ಆರನೇ ತರಗತಿಯ ಮೊಮ್ಮಗಳು ಮೊಬೈಲ್ ಹಿಡಿದು ಓಡಿ ಬಂದಳು. "ಮುತ್ಯಾ, ಜಪಾನಿನವರೂ ಶಾವಿಗಿ ತಿಂತಾರ ನೋಡ್ರಿ!" ಗಾಜಿನ ಬಟ್ಟಲಲ್ಲಿ ನೀರು, ಐಸ್ ತುಂಡು, ನಡುವೆ ನೂಲಿನ ಲಡಿಯಂಥ ಬಿಳಿ ಎಳೆಗಳು. ಹೆಸರು ಸೋಮೆನ್. ನೋಡುತ್ತಿದ್ದಂತೆ ಕಮಲನಗರದ ಅಕ್ಕನ ಮನೆಯ ಅಂಗಳ ನೆನಪಾಯಿತು. ಆ ಶನಿವಾರವೇ ಇಬ್ಬರೂ ಬೀದರಿನಿಂದ ರೈಲು ಹತ್ತಿದೆವು.

ಭಾಲ್ಕಿ ದಾಟಿದ ಮೇಲೆ ಕಮಲನಗರ. ಮುಂದೆ ಉದಗೀರ್, ಅದು ಮಹಾರಾಷ್ಟ್ರ. 1956ರವರೆಗೆ ಇವೆಲ್ಲ ಹೈದರಾಬಾದ್ ರಾಜ್ಯದ ಊರುಗಳೇ. ಇಂದಿಗೂ ಕಮಲನಗರದ ಅಂಗಡಿಗಳಲ್ಲಿ ಕನ್ನಡ, ಮರಾಠಿ ಎರಡೂ ನಡೆಯುತ್ತವೆ. ನಮ್ಮ ಶಾವಿಗೆ ಗಡಿಯಾಚೆ ಶೇವಯಾ ಆಗುತ್ತದೆ, ಅಷ್ಟೇ.

ಅಕ್ಕನಿಗೆ ಎಂಬತ್ತು ದಾಟಿದೆ. ಶಾವಿಗೆ ಮಣೆ ಅಟ್ಟದ ಮೇಲೆ ಧೂಳು ಹಿಡಿದಿತ್ತು. ಜೊತೆಗೆ ಕೂರುತ್ತಿದ್ದ ನೆರೆಮನೆಯಾಕೆ ಮಗನ ಹತ್ತಿರ ಪುಣೆಗೆ ಹೋಗಿ ಮೂರು ವರ್ಷ.

"ಮಣಿ ಮ್ಯಾಲ ಕೂಡಾಕ ನಾ ಇದ್ದೀನಿ. ಎಳಿ ಹಿಡಿಯಾವ್ರು ಯಾರು?" ಅಂದಳು ಅಕ್ಕ.

"ನಾನು ಹಿಡೀತೀನಿ" ಅಂದೆ. ಅಕ್ಕ ನಕ್ಕಳು. ಚಿಕ್ಕಂದಿನಲ್ಲಿ ಎಳೆ ಹರಿದು ಆಕೆಯಿಂದ ಬೈಸಿಕೊಂಡವನು ನಾನೇ.

ರಾತ್ರಿ ಸಣ್ಣ ಗೋಧಿ ರವೆಗೆ ಉಪ್ಪುನೀರು ಹಾಕಿ ಕಲಸಿ, ಒದ್ದೆ ಬಟ್ಟೆ ಮುಚ್ಚಿಟ್ಟೆವು. ಬೆಳಿಗ್ಗೆ ಎಣ್ಣೆ ಸವರಿ ಚೆನ್ನಾಗಿ ನಾದಿದೆವು. ಮಕ್ಕಳೇ, ಗೋಧಿಯಲ್ಲಿ ಒಂದು ಅಂಟು ಇರುತ್ತದೆ. ಉಪ್ಪು ಅದನ್ನು ಗಟ್ಟಿಮಾಡುತ್ತದೆ. ಎಣ್ಣೆ ಎಳೆ ಒಣಗದಂತೆ, ಒಂದಕ್ಕೊಂದು ಅಂಟದಂತೆ ನೋಡಿಕೊಳ್ಳುತ್ತದೆ. ಜಪಾನಿನ ಕೈಸೋಮೆನ್‌ಗೂ ಗೋಧಿ ಹಿಟ್ಟು, ಉಪ್ಪು, ನೀರು, ಎಣ್ಣೆಯೇ ಬೇಕು. ಅವರು ಎರಡು ಕೋಲುಗಳ ನಡುವೆ ಎಳೆ ಹಿಗ್ಗಿಸುತ್ತಾರೆ. ನಾರಾ ಸೀಮೆಯ ಮಿವಾದಲ್ಲಿ ಈ ಕೆಲಸ ಚಳಿಗಾಲದ್ದು, ತಿನ್ನುವುದು ಬೇಸಿಗೆಯಲ್ಲಿ. ನಮ್ಮಲ್ಲಿ ಒಣಗಿಸಲು ಚೈತ್ರದ ಬಿಸಿಲೇ ಬೇಕು. ಯಂತ್ರದಲ್ಲಿ ಮಾಡಿದ್ದು 1.3 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಅಲ್ಲಿ ಸೋಮೆನ್. ಅದಕ್ಕಿಂತ ಸ್ವಲ್ಪ ದಪ್ಪವಾದರೆ ಹಿಯಾಮುಗಿ.

ಮಣೆಯ ಒಂದು ತುದಿ ಮಂಚದ ಮೇಲೆ, ಇನ್ನೊಂದು ಇಳಿಜಾರಾಗಿ ನೆಲದ ಕಡೆ. ಅಕ್ಕ ಮೇಲೆ ಕೂತು ಅಂಗೈಯಿಂದ ಕಣಕ ಹೊಸೆದಳು. ಎಳೆ ಕೆಳಗಿಳಿದು ಬಂತು. ಹಿಡಿದೆ. ಹರಿಯಿತು. ಮತ್ತೆ ಹಿಡಿದೆ, ಮತ್ತೆ ಹರಿಯಿತು. ಬ್ಯಾಂಕಿನಲ್ಲಿ ಲಕ್ಷಗಟ್ಟಲೆ ನೋಟು ಎಣಿಸಿದ ಬೆರಳುಗಳು ಈಗ ನಡುಗುತ್ತವೆ.

"ಜಗ್ಗಬ್ಯಾಡ ತಮ್ಮಾ, ಬಂದಷ್ಟು ತಗೋ" ಅಂದಳು ಅಕ್ಕ.

ಮೂರನೆಯದೂ ಹರಿದಾಗ ಮೊಮ್ಮಗಳು, "ಸರೀರಿ ಮುತ್ಯಾ" ಎಂದು ನನ್ನ ಜಾಗದಲ್ಲಿ ಕೂತಳು. ಆಕೆಯ ಕೈಗೂ ಒಂದೆರಡು ಎಳೆ ಹರಿದವು. ಆಮೇಲೆ ಅಕ್ಕನ ಕೈ ನೋಡುತ್ತಲೇ ಹದ ಹಿಡಿದಳು. ಅಕ್ಕ ಹೊಸೆದಷ್ಟೇ ವೇಗದಲ್ಲಿ ಎಳೆ ತೆಗೆದುಕೊಂಡು, ಸುತ್ತಿ, ಕೋಲಿನ ಮೇಲೆ ಇಳಿಬಿಟ್ಟಳು. ಬಿಸಿಲು ನೆತ್ತಿಗೆ ಬರುವಷ್ಟರಲ್ಲಿ ನಾಲ್ಕು ಕೋಲು ತುಂಬಿದವು. ನನಗೆ ಕಾಗೆ ಓಡಿಸುವ ಕೆಲಸ ಸಿಕ್ಕಿತು.

ರಾತ್ರಿ ಒಂದು ಹಿಡಿ ಶಾವಿಗೆ ಬೇಯಿಸಿ, ನೀರು ಬಸಿದು, ಆರಿಸಿ, ಮಾವಿನ ಹಣ್ಣಿನ ರಸದ ಜೊತೆ ಉಂಡೆವು. ಜಪಾನಿನವರು ಸೋಯಾ ಸಾಸ್‌ನ ತಣ್ಣನೆ ಸಾರಿನಲ್ಲಿ ಅದ್ದಿ ತಿನ್ನುತ್ತಾರಂತೆ. ಮೊಮ್ಮಗಳು ತನ್ನ ಬಟ್ಟಲಿಗೆ ಎರಡು ಐಸ್ ತುಂಡು ಹಾಕಿಕೊಂಡಳು. ಅಕ್ಕನೂ ಒಂದು ಕೇಳಿ ಹಾಕಿಸಿಕೊಂಡಳು.

ಮರುದಿನ ಹೊರಟಾಗ ನೋಡಿದೆ: ಮಣೆ ಅಟ್ಟಕ್ಕೆ ಹೋಗಿರಲಿಲ್ಲ, ಒರೆಸಿ ಬಾಗಿಲ ಹಿಂದೆ ನಿಲ್ಲಿಸಿದ್ದಳು.

"ಬರೂ ಬ್ಯಾಸಿಗಿಗಿ ಯಾವಾಗ ಬರ್ತೀಯವ್ವಾ?" ಎಂದು ಅಕ್ಕ ಕೇಳಿದಳು. ನನ್ನನ್ನಲ್ಲ, ಮೊಮ್ಮಗಳನ್ನು.